ಡಿಕನ್ಸ್‌ನ ಹತ್ತು ಮಕ್ಕಳು

ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಮತ್ತು ಕ್ಯಾಥರಿನ್ ಹೊಗಾರ್ತ್ ದಂಪತಿಗೆ 1837ರಿಂದ 1852ರವರೆಗೆ ಹತ್ತು ಮಕ್ಕಳಾದರು. ಏಳು ಗಂಡು, ಮೂರು ಹೆಣ್ಣು. ಒಂದು ಹೆಣ್ಣು ಕೂಸು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಉಳಿದ ಒಂಬತ್ತು ಮಂದಿ ಬೆಳೆದು ದೊಡ್ಡವರಾದರು. ಏಳು ಗಂಡುಮಕ್ಕಳಲ್ಲಿ ಐವರನ್ನು ತಂದೆ ಹರೆಯದಲ್ಲೇ ಭಾರತಕ್ಕೋ ಆಸ್ಟ್ರೇಲಿಯಕ್ಕೋ ಸಮುದ್ರಕ್ಕೋ ಕಳುಹಿಸಿಕೊಟ್ಟ. ಆ ಐವರಲ್ಲಿ ಒಬ್ಬನೂ ಇಂಗ್ಲೆಂಡಿನ ನೆಲದಲ್ಲಿ ಸಾಯಲಿಲ್ಲ. ಅನಾಥ ಮಕ್ಕಳ, ಮನೆ ಕಳೆದುಕೊಂಡ ಮಕ್ಕಳ ಕಥೆ ಬರೆದು ಲೋಕವನ್ನೇ ಅಳಿಸಿದ ಲೇಖಕನ ಮನೆಯಲ್ಲಿ ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಅರ್ಧ ಆತನ ಬಾಲ್ಯದಲ್ಲಿದೆ, ಇನ್ನರ್ಧ ಆ ಕಾಲದ ರೂಢಿಯಲ್ಲಿದೆ.

ಹುಟ್ಟಿದ ದಿನದಿಂದಲೇ ಈ ಮಕ್ಕಳ ಮೇಲೆ ದೊಡ್ಡ ಹೆಸರುಗಳ ಹೊರೆ ಬಿತ್ತು. ಎರಡನೆಯ ಮಗನಿಗೆ ಕವಿ ವಾಲ್ಟರ್ ಸ್ಯಾವೇಜ್ ಲ್ಯಾಂಡರ್‌ನ ಹೆಸರು, ಮೂರನೆಯವನಿಗೆ ವಿಮರ್ಶಕ ಫ್ರಾನ್ಸಿಸ್ ಜೆಫ್ರಿಯ ಹೆಸರು. ನಾಲ್ಕನೆಯವನು ಆಲ್ಫ್ರೆಡ್ ಡಾರ್ಸೆ ಟೆನಿಸನ್. ಕವಿ ಟೆನಿಸನ್ನನೂ ಕೌಂಟ್ ಡಾರ್ಸೆಯೂ ಅವನಿಗೆ ಜ್ಞಾನಪಿತರು. ಮುಂದಿನವರು ಸಿಡ್ನಿ ಸ್ಮಿತ್, ಹೆನ್ರಿ ಫೀಲ್ಡಿಂಗ್, ಎಡ್ವರ್ಡ್ ಬುಲ್ವರ್ ಲಿಟ್ಟನ್. ಸಾಹಿತ್ಯಚರಿತ್ರೆಯ ಹೆಸರುಪಟ್ಟಿಯೇ ತೊಟ್ಟಿಲಲ್ಲಿ ಮಲಗಿದಂತಿತ್ತು. ಮನೆಯೊಳಗೆ ಮಾತ್ರ ಈ ಹೆಸರುಗಳು ಚಲಾವಣೆಯಲ್ಲಿರಲಿಲ್ಲ. ಡಿಕನ್ಸ್ ಒಬ್ಬೊಬ್ಬರಿಗೂ ತಮಾಷೆಯ ಅಡ್ಡಹೆಸರು ಇಟ್ಟಿದ್ದ. ಸಿಟ್ಟಿನ ಹುಡುಗಿ ಕೇಟ್ 'ಲೂಸಿಫರ್ ಬಾಕ್ಸ್' ಆದಳು, ಅಂದರೆ ಗೀರಿದರೆ ಭಗ್ಗೆನ್ನುವ ಬೆಂಕಿಪೊಟ್ಟಣ. ಕಡೆಯ ಮಗನಿಗೆ ಇಟ್ಟ ನಾಲಿಗೆ ತಿರುಗದ ಉದ್ದನೆಯ ಹೆಸರು ಸವೆದು 'ಪ್ಲಾರ್ನ್' ಎಂದಾಗಿ, ಅದೇ ಕೊನೆಯವರೆಗೂ ನಿಂತಿತು.

ಕೂಸುಗಳೆಂದರೆ ಡಿಕನ್ಸ್‌ಗೆ ಪ್ರಾಣ. ಹಾಡು ಹೇಳುತ್ತಿದ್ದ, ಜಾದೂ ಮಾಡಿ ತೋರಿಸುತ್ತಿದ್ದ. ಹಿರಿಯ ಮಗ ಚಾರ್ಲಿಯ ಹುಟ್ಟುಹಬ್ಬವಾದ ಜನವರಿ 6ರಂದು ಟ್ಯಾವಿಸ್ಟಾಕ್ ಹೌಸ್‌ನ ಪಾಠದ ಕೋಣೆ ನಾಟಕಶಾಲೆಯಾಗುತ್ತಿತ್ತು. ಮಕ್ಕಳು ವೇಷ ಕಟ್ಟುತ್ತಿದ್ದರು, ತಂದೆಯೇ ನಿರ್ದೇಶಕ. ಆದರೆ ಅದೇ ತಂದೆ ಬೆಳಗಾದರೆ ಕೋಣೆಕೋಣೆಗೂ ಹೋಗಿ ಕುರ್ಚಿ ಜಾಗದಲ್ಲಿದೆಯೇ, ಬಟ್ಟೆ ಮಡಿಸಿದೆಯೇ ಎಂದು ತಪಾಸಣೆ ಮಾಡುತ್ತಿದ್ದ. ಒಬ್ಬೊಬ್ಬ ಹುಡುಗನಿಗೂ ಟೋಪಿ ತೂಗುಹಾಕಲು ಒಂದೊಂದು ಗೂಟ ಗೊತ್ತುಮಾಡಲಾಗಿತ್ತು. ಹೆಣ್ಣುಮಕ್ಕಳ ಕೋಣೆಯಲ್ಲಿ ಏನಾದರೂ ಅಸ್ತವ್ಯಸ್ತವಾಗಿದ್ದರೆ ಸೂಜಿದಿಂಬಿಗೆ ಚುಚ್ಚಿದ ಚೀಟಿಯಲ್ಲಿ ಆಕ್ಷೇಪಣೆ ಕಾದಿರುತ್ತಿತ್ತು. ಹಿರಿಯ ಮಗಳು ಮೇಮಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ತಂದೆಯ ಬರವಣಿಗೆಯ ಕೋಣೆಯಲ್ಲಿ ಸೋಫಾದ ಮೇಲೆ ಮಲಗಿರಲು ಅವಳಿಗೆ ಅಪ್ಪಣೆ ಸಿಕ್ಕಿತ್ತು. ಆತ ಬರೆಯುತ್ತ ಬರೆಯುತ್ತ ತಟ್ಟನೆ ಎದ್ದು ಕನ್ನಡಿಯ ಮುಂದೆ ನಿಂತು ಮುಖವನ್ನು ನಾನಾ ರೀತಿ ತಿರುಚಿ, ಓಡಿಬಂದು ಮತ್ತೆ ಬರೆಯುತ್ತಿದ್ದುದನ್ನು ಅವಳು ಕಂಡು ಮುಂದೆ ದಾಖಲಿಸಿದಳು. ಮಗಳು ಅಲ್ಲಿದ್ದಾಳೆಂಬುದೇ ಆ ಹೊತ್ತು ಆತನಿಗೆ ನೆನಪಿರಲಿಲ್ಲ.

ಈ ಶಿಸ್ತಿನ ಹಿಂದೆ ಮಕ್ಕಳಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. 1824ರಲ್ಲಿ ಡಿಕನ್ಸ್‌ನ ತಂದೆ ಜಾನ್ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್ಸಿ ಸೆರೆಮನೆ ಸೇರಿದ್ದ. ಹನ್ನೆರಡರ ಹುಡುಗ ಚಾರ್ಲ್ಸ್ ವಾರನ್ ಎಂಬವರ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೂಲಿಗೆ ಹೋದ. ಆ ಅವಮಾನವನ್ನು ಆತ ಗೆಳೆಯ ಜಾನ್ ಫಾರ್ಸ್ಟರ್‌ಗೆ ಬಿಟ್ಟರೆ ಹೆಚ್ಚುಕಡಿಮೆ ಯಾರಿಗೂ ಬಿಚ್ಚಿಡಲಿಲ್ಲ. 1869ರ ಕ್ರಿಸ್‌ಮಸ್‌ನಲ್ಲಿ ಮನೆಮಂದಿ ಕೂತು ಒಬ್ಬರು ಹೇಳಿದ ಪದಗಳಿಗೆ ಇನ್ನೊಬ್ಬರು ಹೊಸದೊಂದನ್ನು ಸೇರಿಸುತ್ತ ಹೋಗುವ ನೆನಪಿನಾಟ ಆಡುತ್ತಿದ್ದರು. ತನ್ನ ಸರದಿ ಬಂದಾಗ ಡಿಕನ್ಸ್ ವಿಚಿತ್ರ ದನಿಯಲ್ಲಿ ಆ ಕಾರ್ಖಾನೆಯ ಹೆಸರನ್ನೂ ವಿಳಾಸವನ್ನೂ ಹೇಳಿದ. ಅಲ್ಲಿದ್ದ ಮಗ ಹೆನ್ರಿಗೆ ಅದರ ಅರ್ಥ ತಿಳಿದದ್ದು ತಂದೆ ತೀರಿಹೋಗಿ ಫಾರ್ಸ್ಟರ್‌ನ ಜೀವನಚರಿತ್ರೆ ಅಚ್ಚಾಗಿ ಬಂದಮೇಲೆ. ಹಣದ ವಿಷಯದಲ್ಲಿ ಒಬ್ಬ ಮಗ ಸ್ವಲ್ಪ ಸಡಿಲಬಿಟ್ಟರೂ ಡಿಕನ್ಸ್‌ನ ಕಣ್ಣಿಗೆ ಸೆರೆಮನೆಯ ಬಾಗಿಲು ಕಾಣುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಮಕ್ಕಳ ಆಲಸ್ಯ ತಾಯಿಯ ಕಡೆಯಿಂದ ಬಂದದ್ದೆಂದು ಆತ ದೂರುತ್ತಿದ್ದ. ಸಾಲದ ಗುಣ ರಕ್ತದಲ್ಲಿ ಹರಿಯುವುದೇ ಆದರೆ ಅದು ಅಜ್ಜ ಜಾನ್ ಡಿಕನ್ಸ್‌ನಿಂದ ಬಂದಿರಬೇಕೇ ಹೊರತು ಕ್ಯಾಥರಿನ್‌ಳಿಂದಲ್ಲ.

1850ರ ಆಗಸ್ಟ್‌ನಲ್ಲಿ ಹುಟ್ಟಿದ ಡೋರಾಳಿಗೆ ಆಗ ಬರೆಯುತ್ತಿದ್ದ 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯ ಎಳೆಹೆಂಡತಿಯ ಹೆಸರಿಟ್ಟದ್ದಾಯಿತು. ಕಾದಂಬರಿಯ ಡೋರಾ ಸಾಯುವವಳೆಂದು ಲೇಖಕನಿಗೆ ಆಗಲೇ ಗೊತ್ತಿತ್ತು. 1851ರ ಏಪ್ರಿಲ್ 14ರ ಸಂಜೆ ಡಿಕನ್ಸ್ ಕೂಸನ್ನು ಎತ್ತಿ ಆಡಿಸಿ, ರಂಗಕಲಾವಿದರ ಸಹಾಯನಿಧಿಯ ಔತಣಕೂಟದ ಅಧ್ಯಕ್ಷತೆಗೆ ಹೋದ. ಅಷ್ಟರಲ್ಲಿ ಮಗು ತೀರಿಕೊಂಡಿತು. ಸುದ್ದಿ ತಿಳಿದ ಫಾರ್ಸ್ಟರ್ ಭಾಷಣ ಮುಗಿಯುವವರೆಗೆ ಬಾಯಿಕಟ್ಟಿ ಕುಳಿತು ಆಮೇಲೆ ಹೇಳಿದ. ಡಿಕನ್ಸ್‌ನ ತಂದೆ ತೀರಿಹೋಗಿ ಆಗಿನ್ನೂ ಎರಡು ವಾರವಾಗಿತ್ತು.

ಹಿರಿಯ ಮಗ ಚಾರ್ಲಿಗೆ ಸಿಕ್ಕ ಅವಕಾಶ ತಮ್ಮಂದಿರಿಗೆ ಸಿಗಲಿಲ್ಲ. ಶ್ರೀಮಂತ ದಾನಿ ಏಂಜೆಲಾ ಬರ್ಡೆಟ್ ಕೂಟ್ಸ್ ಹಣ ಕೊಟ್ಟು ಅವನನ್ನು ಈಟನ್ ಶಾಲೆಯಲ್ಲಿ ಓದಿಸಿದಳು. ಅಲ್ಲಿಂದ ಜರ್ಮನ್ ಕಲಿಯಲು ಲೈಪ್ಜಿಗ್, ಆಮೇಲೆ ಬೇರಿಂಗ್ಸ್ ಬ್ಯಾಂಕು, 1860ರಲ್ಲಿ ಚಹಾ ವ್ಯಾಪಾರದ ಆಸೆಯಿಂದ ಹಾಂಗ್‌ಕಾಂಗ್. 1861ರಲ್ಲಿ ಪ್ರಕಾಶಕ ಫ್ರೆಡರಿಕ್ ಇವಾನ್ಸ್‌ನ ಮಗಳು ಬೆಸ್ಸಿಯನ್ನು ಮದುವೆಯಾದ. ಇವಾನ್ಸ್ ಜೊತೆ ಮಾತು ಬಿಟ್ಟಿದ್ದ ಡಿಕನ್ಸ್ ಸ್ವಂತ ಮಗನ ಮದುವೆಗೇ ಹೋಗಲಿಲ್ಲ. 1868ರಲ್ಲಿ ಚಾರ್ಲಿಯ ಕಾಗದದ ಗಿರಣಿ ಮುಳುಗಿ ದಿವಾಳಿಯಾದಾಗ ಮಾತ್ರ ತಂದೆಯೇ ಕೈಹಿಡಿದು ತನ್ನ 'ಆಲ್ ದ ಇಯರ್ ರೌಂಡ್' ಪತ್ರಿಕೆಯಲ್ಲಿ ಕೆಲಸ ಕೊಟ್ಟ. ವ್ಯಾಪಾರದಲ್ಲಿ ಸೋತವನು ಸಂಪಾದಕನಾಗಿ ಗೆದ್ದ. ತಂದೆಯ ಕಾಲಾನಂತರ ಪತ್ರಿಕೆಯನ್ನು ನಡೆಸಿದ್ದಲ್ಲದೆ, 1879ರಲ್ಲಿ ಲಂಡನ್ ನಗರದ ಬಗ್ಗೆ ಅವನು ಹೊರತಂದ ಕೈಪಿಡಿ ಅಂದಿನ ನಗರಜೀವನದ ವಿವರಗಳಿಗಾಗಿ ಇಂದಿಗೂ ಉಪಯುಕ್ತ.

1858ರಲ್ಲಿ ಮನೆ ಒಡೆಯಿತು. ನಟಿ ಎಲೆನ್ ಟರ್ನನ್‌ಳ ಪರಿಚಯವಾದ ಮರುವರ್ಷವೇ ಡಿಕನ್ಸ್ ಇಪ್ಪತ್ತೆರಡು ವರ್ಷ ಬಾಳಿದ ಹೆಂಡತಿಯನ್ನು ಬೇರೆ ಮನೆ ಮಾಡಿ ಇರಿಸಿದ. ಅಷ್ಟಕ್ಕೇ ನಿಲ್ಲದೆ ತನ್ನ ಪತ್ರಿಕೆಯಲ್ಲಿ ಸಾರ್ವಜನಿಕ ಹೇಳಿಕೆಯನ್ನೂ ಅಚ್ಚುಹಾಕಿಸಿದ. ಚಾರ್ಲಿಯೊಬ್ಬ ತಾಯಿಯ ಜೊತೆ ಹೋದ. ಉಳಿದ ಮಕ್ಕಳು ತಂದೆಯ ಬಳಿಯೇ ಉಳಿಯಬೇಕಾಯಿತು. ಮನೆವಾರ್ತೆ ಚಿಕ್ಕಮ್ಮ ಜಾರ್ಜಿನಾ ಹೊಗಾರ್ತ್‌ಳ ಕೈಗೆ ಬಂತು. ಆಗ ಪ್ಲಾರ್ನ್‌ಗೆ ಬರೀ ಆರು ವರ್ಷ. ಅಂದಿನ ಕಾನೂನಿನಲ್ಲಿ ಮಕ್ಕಳ ಮೇಲಿನ ಹಕ್ಕು ತಂದೆಯದೇ ಆಗಿದ್ದರಿಂದ ಕ್ಯಾಥರಿನ್‌ಳಿಗೆ ಬೇರೆ ದಾರಿ ಇರಲಿಲ್ಲ.

ಚಿಕ್ಕ ಹುಡುಗರು ಅದಾಗಲೇ ಫ್ರಾನ್ಸಿನ ಬೂಲೋನ್ ಊರಿನ ವಸತಿಶಾಲೆ ಕಂಡಿದ್ದರು. ಅಲ್ಲಿಂದ ಮುಂದಿನ ಹೆಜ್ಜೆ ವಸಾಹತು. ಇದು ಡಿಕನ್ಸ್ ಒಬ್ಬನ ಕಲ್ಪನೆಯಲ್ಲ. ವಿಕ್ಟೋರಿಯಾ ಯುಗದ ಮಧ್ಯಮವರ್ಗದ ಮನೆಗಳಲ್ಲಿ ಆಸ್ತಿ ಸಾಲದಷ್ಟು ಗಂಡುಮಕ್ಕಳಿದ್ದರೆ ಒಬ್ಬನಿಗೆ ಭಾರತದ ಸೈನ್ಯ, ಒಬ್ಬನಿಗೆ ನೌಕಾಪಡೆ, ಇನ್ನೊಬ್ಬನಿಗೆ ಆಸ್ಟ್ರೇಲಿಯದ ಕುರಿಗಾವಲು ಎಂದು ಹಂಚಿಬಿಡುವುದು ಮಾಮೂಲಾಗಿತ್ತು. ಇನ್ನೊಬ್ಬ ಕಾದಂಬರಿಕಾರ ಆಂಥನಿ ಟ್ರಾಲಪ್‌ನ ಮಗನೂ ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಸಾಕಿದ. ವಲಸೆಯ ಪರವಾಗಿ ಡಿಕನ್ಸ್ ಪತ್ರಿಕೆಯಲ್ಲಿ ಬರೆದಿದ್ದ. 'ಡೇವಿಡ್ ಕಾಪರ್‌ಫೀಲ್ಡ್'ನಲ್ಲಿ ಸಾಲದಲ್ಲಿ ಮುಳುಗೇಳುತ್ತಿದ್ದ ಮಿಕಾಬರ್‌ನನ್ನು ಕಾದಂಬರಿಯ ಕೊನೆಗೆ ಆಸ್ಟ್ರೇಲಿಯಕ್ಕೆ ಹತ್ತಿಸಿ ಮರ್ಯಾದಸ್ಥ ಮ್ಯಾಜಿಸ್ಟ್ರೇಟನನ್ನಾಗಿ ಮಾಡಿದ್ದ. ಕಥೆಯಲ್ಲಿ ಕೈಗೂಡಿದ್ದನ್ನು ಮಕ್ಕಳ ಬಾಳಿನಲ್ಲೂ ನಂಬಿದ. ಆ ರೂಢಿಯಲ್ಲಿ ಹುಡುಗನ ಒಲವನ್ನು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

ವಾಲ್ಟರ್‌ನ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹುಡುಗನಿಗೆ ಬರೆಯುವ ಚಟವಿದೆಯೆಂದು ಗೊತ್ತಾದಾಗ, ಅದಕ್ಕೆ ಉತ್ತೇಜನ ಕೊಡದಿದ್ದಷ್ಟೂ ಅವನು ಸುಖವಾಗಿರುತ್ತಾನೆ ಎಂದು ತಂದೆ ಶಾಲೆಗೆ ಬರೆದುಬಿಟ್ಟ. ಕೂಟ್ಸ್‌ಳ ಪ್ರಭಾವದಿಂದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಹುದ್ದೆ ಸಿಕ್ಕಿತು. 1857ರ ಜುಲೈನಲ್ಲಿ, ಭಾರತದಲ್ಲಿ ದಂಗೆಯ ಬೆಂಕಿ ಹೊತ್ತಿ ಉರಿಯುತ್ತಿದ್ದಾಗಲೇ, ಹದಿನಾರರ ವಾಲ್ಟರ್ ಹಡಗು ಹತ್ತಿದ. 42ನೇ ಹೈಲ್ಯಾಂಡರ್ಸ್ ಪಡೆಯ ಜೊತೆ ಕಾದಾಡಿ, ಹದಿನೆಂಟು ತುಂಬುವ ಮೊದಲೇ ಲೆಫ್ಟಿನೆಂಟ್ ಆದ. ಆದರೆ ಅಧಿಕಾರಿಗಳ ಮೆಸ್ಸಿನ ಖರ್ಚು ಅವನ ಸಂಬಳಕ್ಕೆ ಮೀರಿದ್ದು. ಸಾಲ ಏರಿತು, ತಂದೆ ಇನ್ನು ಹಣ ಕಳುಹಿಸುವುದಿಲ್ಲವೆಂದ. ಸಾಲ ತೀರುವವರೆಗೆ ಮನೆಗೆ ಕಾಗದ ಬರೆಯುವುದಿಲ್ಲವೆಂದು ವಾಲ್ಟರ್ ಅಕ್ಕನಿಗೆ ತಿಳಿಸಿ ಸುಮ್ಮನಾದ. 1863ರ ಡಿಸೆಂಬರ್ 31ರಂದು, ಕಾಯಿಲೆಯ ರಜೆಯ ಮೇಲೆ ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ, ಕಲ್ಕತ್ತದ ಸೈನಿಕ ಆಸ್ಪತ್ರೆಯಲ್ಲಿ ಮಹಾಪಧಮನಿ ಒಡೆದು ಸತ್ತ. ವಯಸ್ಸು ಇಪ್ಪತ್ತೆರಡು. ಸುದ್ದಿ ಇಂಗ್ಲೆಂಡ್ ತಲುಪಿದ್ದು 1864ರ ಫೆಬ್ರವರಿ 7ರಂದು. ಅಂದು ಡಿಕನ್ಸ್‌ನ ಐವತ್ತೆರಡನೆಯ ಹುಟ್ಟುಹಬ್ಬ. ಭವಾನಿಪುರದ ಸಮಾಧಿಭೂಮಿಯಲ್ಲಿದ್ದ ವಾಲ್ಟರ್‌ನ ಸಮಾಧಿಕಲ್ಲನ್ನು 1987ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಯತ್ನದಿಂದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನಕ್ಕೆ ತಂದು ನಿಲ್ಲಿಸಲಾಗಿದೆ.

ಅಣ್ಣನನ್ನು ಕಾಣುವ ಆಸೆ ಹೊತ್ತು 1864ರಲ್ಲಿ ಬಂಗಾಳಕ್ಕೆ ಬಂದಿಳಿದ ಮೂರನೆಯ ಮಗ ಫ್ರಾಂಕ್‌ಗೆ ಸಿಕ್ಕಿದ್ದು ಅವನ ಸಾವಿನ ಸುದ್ದಿ. ಫ್ರಾಂಕ್ ಉಗ್ಗುತ್ತಿದ್ದ, ಆ ಕಾರಣಕ್ಕೇ ವೈದ್ಯನಾಗುವ ಆಸೆಯನ್ನು ಕೈಬಿಟ್ಟಿದ್ದ. ವಸಾಹತಿಗೆ ಹೋಗಿ ರೈತನಾಗುತ್ತೇನೆ, ಹದಿನೈದು ಪೌಂಡ್, ಒಂದು ಕುದುರೆ, ಒಂದು ಬಂದೂಕು ಸಾಕು ಎಂದು ಒಮ್ಮೆ ಕೇಳಿದ್ದಕ್ಕೆ, ಹಣ ಕಳ್ಳರ ಪಾಲಾಗುತ್ತದೆ, ಕುದುರೆ ಕೆಡವುತ್ತದೆ, ಬಂದೂಕು ತಲೆ ಹಾರಿಸುತ್ತದೆ ಎಂದು ತಂದೆ ಉತ್ತರಿಸಿದ್ದ. ಏಳು ವರ್ಷ ಬಂಗಾಳದ ಕುದುರೆ ಪೊಲೀಸ್ ಪಡೆಯಲ್ಲಿ ದುಡಿದು, ತಂದೆ ಸತ್ತಮೇಲೆ ಊರಿಗೆ ಮರಳಿ, ಪಾಲಿಗೆ ಬಂದ ಆಸ್ತಿಯನ್ನು ಕಳೆದುಕೊಂಡು, 1874ರಲ್ಲಿ ಕೆನಡಾದ ವಾಯವ್ಯ ಕುದುರೆ ಪೊಲೀಸ್ ಪಡೆ ಸೇರಿದ. 1885ರ ದಂಗೆಯಲ್ಲಿ ಬಿಗ್ ಬೇರ್ ನಾಯಕನ ಮೂಲನಿವಾಸಿ ಕ್ರೀ ಜನ ಫೋರ್ಟ್ ಪಿಟ್ಟನ್ನು ಸುತ್ತುಗಟ್ಟಿದಾಗ ಅಲ್ಲಿನ ಪೊಲೀಸ್ ತುಕಡಿಯ ಮುಖ್ಯಸ್ಥ ಫ್ರಾಂಕ್. ನೀರಿಗೆ ಬಾವಿಯೂ ಇಲ್ಲದ, ಗೋಡೆಯೂ ಇಲ್ಲದ ಕೋಟೆ ಅದು. ಅಲ್ಲಿದ್ದ ನಾಗರಿಕರು ಕ್ರೀ ಪಾಳೆಯಕ್ಕೆ ಶರಣಾಗಲು ಒಪ್ಪಿದಮೇಲೆ ಅವನು ತನ್ನ ಜನರನ್ನು ಹಳೆಯ ಚಪ್ಪಟೆ ದೋಣಿಯಲ್ಲಿ ತುಂಬಿಕೊಂಡು ಮಂಜುಗಡ್ಡೆ ತೇಲುತ್ತಿದ್ದ ನದಿಯಲ್ಲಿ ಬ್ಯಾಟಲ್‌ಫರ್ಡ್‌ವರೆಗೆ ಕರೆತಂದ. ಕೋಟೆ ಬಿಟ್ಟುಕೊಟ್ಟನೆಂಬ ಅಪವಾದ ಬಂತು. ಉಳಿದ ಜೀವಗಳನ್ನು ಲೆಕ್ಕಹಾಕಿದರೆ ಆ ತೀರ್ಮಾನ ತಪ್ಪೆನ್ನಲಾಗದು. ಮರುವರ್ಷ ಕೆಲಸ ಬಿಟ್ಟು, ತಂದೆಯ ಬಗ್ಗೆ ಉಪನ್ಯಾಸ ಕೊಡಲು ಅಮೆರಿಕದ ಇಲಿನಾಯ್ ರಾಜ್ಯದ ಮೋಲಿನ್ ಊರಿಗೆ ಹೋದವನು ಮಾತಾಡುವ ಮೊದಲೇ 1886ರ ಜೂನ್ 11ರಂದು ಹೃದಯಾಘಾತದಿಂದ ತೀರಿಕೊಂಡ. ಪರಿಚಯವೇ ಇಲ್ಲದ ಆ ಊರಿನವರು ಗೌರವದಿಂದ ಮಣ್ಣುಮಾಡಿದರು.

ಸಿಡ್ನಿಯ ಕಥೆ ಚಿಕ್ಕದು. ದೂರದತ್ತ ನೋಡುವ ಅವನ ದೊಡ್ಡ ಕಣ್ಣುಗಳನ್ನು ಕಂಡು ತಂದೆ 'ಸಾಗರದ ಭೂತ' ಎಂದು ಕರೆಯುತ್ತಿದ್ದ. ಹದಿಮೂರಕ್ಕೆ ನೌಕಾಪಡೆ ಸೇರಿದ ಈ ಕುಳ್ಳ ಹುಡುಗನನ್ನು ಸಮವಸ್ತ್ರದಲ್ಲಿ ಕಂಡು ಡಿಕನ್ಸ್ ಹಿಗ್ಗಿದ್ದ. ಬಂದರು ಬಂದರಿನಲ್ಲೂ ಸಾಲ ಮಾಡತೊಡಗಿದಮೇಲೆ ಮನೆಗೆ ಬರಕೂಡದೆಂದು ಕಟ್ಟುಮಾಡಿದ. ತನ್ನ ಸಾವಿಗೆ ಕೆಲವೇ ವಾರ ಮುಂಚೆ ಆಲ್ಫ್ರೆಡ್‌ಗೆ ಬರೆದ ಪತ್ರದಲ್ಲಿ, ಸಿಡ್ನಿ ಸತ್ತರೇ ವಾಸಿ ಎನಿಸುತ್ತಿದೆ ಎಂಬ ಅರ್ಥದ ಮಾತು ಬರೆದ. ತಂದೆಯ ಲೇಖನಿಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ಕಠೋರವಾದುದು ಸಿಗುವುದು ಕಷ್ಟ. 1872ರ ಮೇ 2ರಂದು, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಊರಿಗೆ ಮರಳುತ್ತಿದ್ದ ಹಡಗಿನಲ್ಲಿ ಸಿಡ್ನಿ ಸತ್ತ. ಹೆಣವನ್ನು ಹಿಂದೂ ಮಹಾಸಾಗರಕ್ಕೆ ಒಪ್ಪಿಸಿದರು.

ಆಲ್ಫ್ರೆಡ್ ಸೈನ್ಯದ ಪರೀಕ್ಷೆಗೆ ಓದಿ ದಾಟಲಾಗದೆ, ಲಂಡನ್ನಿನ ವ್ಯಾಪಾರಿ ಸಂಸ್ಥೆಯೊಂದರಲ್ಲಿ ಸ್ವಲ್ಪ ಕಾಲ ಇದ್ದು, 1865ರಲ್ಲಿ ಬಾಕಿ ಬಿಲ್ಲುಗಳನ್ನು ಹಿಂದೆ ಬಿಟ್ಟು ಆಸ್ಟ್ರೇಲಿಯಕ್ಕೆ ಹೋದ. ಮೂರು ವರ್ಷದ ನಂತರ ಹದಿನಾರರ ಪ್ಲಾರ್ನ್‌ನೂ ಹೋಗಬೇಕಾಯಿತು. ನಾಚಿಕೆಯ, ಅಂಟಿಕೊಂಡಿರುವ ಸ್ವಭಾವದ ಕಡೆಯ ಮಗ. 1868ರ ಸೆಪ್ಟೆಂಬರಿನಲ್ಲಿ ಪ್ಯಾಡಿಂಗ್ಟನ್ ರೈಲುನಿಲ್ದಾಣದಲ್ಲಿ ಅವನನ್ನು ಬೀಳ್ಕೊಡುವಾಗ ಡಿಕನ್ಸ್ ಬಿಕ್ಕಿಬಿಕ್ಕಿ ಅತ್ತ. ಸಾಮಾನಿನ ಜೊತೆ ಹೊಸ ಒಡಂಬಡಿಕೆಯ ಒಂದು ಪ್ರತಿಯನ್ನೂ ಬುದ್ಧಿಮಾತಿನ ದೀರ್ಘ ಪತ್ರವನ್ನೂ ಇಟ್ಟಿದ್ದ. ಆ ಅಳುವೂ ನಿಜ, ಕಳುಹಿಸಿಕೊಟ್ಟದ್ದೂ ನಿಜ. ಡಿಕನ್ಸ್‌ನನ್ನು ತಂದೆಯಾಗಿ ಅರಿಯಬೇಕಾದರೆ ಎರಡನ್ನೂ ಒಟ್ಟಿಗೇ ಹಿಡಿಯಬೇಕು. ಇಬ್ಬರು ಅಣ್ಣತಮ್ಮಂದಿರೂ ನ್ಯೂ ಸೌತ್ ವೇಲ್ಸ್‌ನ ಒಣ ಪಶ್ಚಿಮ ಭಾಗದಲ್ಲಿ ಕುರಿಗಾವಲು ನೋಡಿಕೊಂಡರು. ಮುಂದೆ ಕುರಿದನ ಮತ್ತು ಜಮೀನು ದಲ್ಲಾಳಿಯ ವ್ಯವಹಾರವನ್ನೂ ಕೂಡಿ ನಡೆಸಿದರು. ಪ್ಲಾರ್ನ್ 1889ರಿಂದ 1894ರವರೆಗೆ ವಿಲ್ಕೇನಿಯಾ ಕ್ಷೇತ್ರದಿಂದ ಶಾಸನಸಭೆಯ ಸದಸ್ಯನಾಗಿದ್ದ. ಬರಗಾಲ ಅವನ ಕೈಯನ್ನು ಬರಿದುಮಾಡಿತು. 1902ರಲ್ಲಿ ಮೋರಿ ಪಟ್ಟಣದಲ್ಲಿ ಸಾಲಗಾರನಾಗಿಯೇ ಸತ್ತ. ಆಲ್ಫ್ರೆಡ್‌ನ ಮೊದಲ ಹೆಂಡತಿ ಜೆಸ್ಸಿ 1878ರಲ್ಲಿ ಗಾಡಿ ಅಪಘಾತದಲ್ಲಿ ತೀರಿಕೊಂಡು ಎರಡು ಹೆಣ್ಣುಮಕ್ಕಳು ತಬ್ಬಲಿಯಾದವು. ಕೊನೆಗಾಲದಲ್ಲಿ ಅವನು ತಂದೆಯ ಬದುಕು ಬರಹಗಳ ಮೇಲೆ ಉಪನ್ಯಾಸ ಕೊಡುತ್ತ ಇಂಗ್ಲೆಂಡ್, ಅಮೆರಿಕ ಸುತ್ತಿ, ಡಿಕನ್ಸ್ ಜನ್ಮಶತಮಾನದ ವರ್ಷವಾದ 1912ರ ಜನವರಿ 2ರಂದು ನ್ಯೂಯಾರ್ಕಿನಲ್ಲಿ ಕುಸಿದು ಸತ್ತ.

ಹೆನ್ರಿಗೆ ಬೇರೆ ದಾರಿ ಸಿಕ್ಕಿದ್ದಕ್ಕೆ ಅವನ ಹಟವೇ ಕಾರಣ. ಹುಡುಗನಾಗಿದ್ದಾಗ ಗ್ಯಾಡ್ಸ್ ಹಿಲ್ ಮನೆಯ ಸುದ್ದಿಗಳ ಪುಟ್ಟ ಪತ್ರಿಕೆಯೊಂದನ್ನು ತಾನೇ ಅಚ್ಚುಹಾಕುತ್ತಿದ್ದ. ಕೇಂಬ್ರಿಜ್‌ನಲ್ಲಿ ಓದುತ್ತೇನೆಂದು ಕೇಳಿದ ಒಬ್ಬನೇ ಮಗ ಅವನು. ತಂದೆ ಶಾಲೆಯವರ ಭರವಸೆ ಪಡೆದಮೇಲಷ್ಟೇ ಒಪ್ಪಿದ. ಟ್ರಿನಿಟಿ ಹಾಲ್‌ನಲ್ಲಿ ವರ್ಷಕ್ಕೆ 50 ಪೌಂಡಿನ ವಿದ್ಯಾರ್ಥಿವೇತನ ಗೆದ್ದ ಸುದ್ದಿಯನ್ನು ಹೈಯಮ್ ರೈಲುನಿಲ್ದಾಣದಲ್ಲಿ ಹೇಳಿದಾಗ ಡಿಕನ್ಸ್ ಚುಟುಕಾಗಿ ಶಹಬಾಸ್ ಎಂದಷ್ಟೇ ನುಡಿದ. ಮಗನಿಗೆ ನಿರಾಸೆಯಾಯಿತು. ಮನೆಯ ಅರ್ಧ ದಾರಿಯಲ್ಲಿ ತಂದೆ ತಟ್ಟನೆ ತಿರುಗಿ, ಕಣ್ತುಂಬಿಕೊಂಡು, ಅವನ ಕೈಯನ್ನು ಬಿಗಿಯಾಗಿ ಹಿಡಿದು ಹರಸಿದ. ಹೆನ್ರಿ ವಕೀಲನಾಗಿ, 1892ರಲ್ಲಿ ರಾಣಿಯ ವಕೀಲರ ಪಟ್ಟಿ ಸೇರಿ, 1917ರಿಂದ 1932ರವರೆಗೆ ಲಂಡನ್ ನಗರದ ಕಾಮನ್ ಸಾರ್ಜೆಂಟ್ ಎಂಬ ನ್ಯಾಯಾಧೀಶ ಪದವಿಯಲ್ಲಿದ್ದ. 1922ರಲ್ಲಿ ಸರ್ ಪದವಿ ಬಂತು. ಕೇಳಿಕೊಳ್ಳುವ ಧೈರ್ಯ ವಾಲ್ಟರ್‌ಗೂ ಇದ್ದು, ಕೇಳುವ ಕಿವಿ ತಂದೆಗೂ ಇದ್ದಿದ್ದರೆ ಇನ್ನೊಬ್ಬ ಮಗನ ಬಾಳೂ ಬೇರೆಯಾಗುತ್ತಿತ್ತೇನೋ.

ಹೆಣ್ಣುಮಕ್ಕಳನ್ನು ಯಾವ ವಸಾಹತಿಗೂ ಕಳುಹಿಸಲಿಲ್ಲ. ಅವರ ಬಿಕ್ಕಟ್ಟು ಮನೆಯೊಳಗಿನದು. ಮೇಮಿ ಮದುವೆಯಾಗದೆ ತಂದೆಯ ಸೇವೆಯಲ್ಲೇ ಉಳಿದಳು. ಆತನ ಮರಣಾನಂತರ ಜಾರ್ಜಿನಾಳ ಜೊತೆ ಸೇರಿ ಆತನ ಪತ್ರಗಳನ್ನು ಸಂಪಾದಿಸಿದಳು. 1896ರ ಜುಲೈ 20ರಂದು ಚಾರ್ಲಿ ಸತ್ತ ಮೂರೇ ದಿನಕ್ಕೆ ಅವಳೂ ಸತ್ತಳು. ಕೇಟ್ 1860ರಲ್ಲಿ, ಕಾದಂಬರಿಕಾರ ವಿಲ್ಕಿ ಕಾಲಿನ್ಸ್‌ನ ತಮ್ಮ ಚಾರ್ಲ್ಸ್ ಕಾಲಿನ್ಸ್‌ನನ್ನು ಮದುವೆಯಾದದ್ದು ಪ್ರೀತಿಗಿಂತ ಹೆಚ್ಚಾಗಿ ಆ ಮನೆಯಿಂದ ಹೊರಬೀಳಲು. ಮದುವೆಯ ರಾತ್ರಿ ಡಿಕನ್ಸ್ ಅವಳು ಬಿಚ್ಚಿಟ್ಟ ಮದುವೆಯ ಉಡುಪಿನಲ್ಲಿ ಮುಖ ಹುದುಗಿಸಿ, ತನ್ನಿಂದಲೇ ಮಗಳು ಮನೆಬಿಟ್ಟಳೆಂದು ಅಳುತ್ತಿದ್ದುದನ್ನು ಮೇಮಿ ಕಂಡಳು. ಕಾಲಿನ್ಸ್ 1873ರಲ್ಲಿ ಸತ್ತಮೇಲೆ ಚಿತ್ರಕಾರ ಕಾರ್ಲೋ ಪೆರುಜಿನಿಯನ್ನು ಕೈಹಿಡಿದ ಕೇಟ್ ತಾನೂ ಚಿತ್ರಕಲಾವಿದೆಯಾಗಿ, ವಿಶೇಷವಾಗಿ ಮಕ್ಕಳ ಭಾವಚಿತ್ರಗಳಿಗೆ ಹೆಸರಾಗಿ, ರಾಯಲ್ ಅಕಾಡೆಮಿಯ ಪ್ರದರ್ಶನಗಳಲ್ಲಿ ಸ್ಥಾನ ಪಡೆದಳು. ಅವಳ ಸ್ವಂತ ಕೂಸು ಏಳು ತಿಂಗಳಿಗೆ ತೀರಿಹೋಗಿತ್ತು.

1870ರ ಜೂನ್ 9ರಂದು ಡಿಕನ್ಸ್ ಸತ್ತಾಗ ಸುಮಾರು 93,000 ಪೌಂಡಿನ ಆಸ್ತಿ ಬಿಟ್ಟಿದ್ದ. ಉಯಿಲಿನ ಮೊದಲ ಸಾಲಿನಲ್ಲೇ ಎಲೆನ್ ಟರ್ನನ್‌ಗೆ 1,000 ಪೌಂಡ್. ಈ ಸಂಗತಿಯ ಸುತ್ತ ಮನೆಯವರು ದಶಕಗಳ ಕಾಲ ಮೌನ ಕಾಯ್ದರು. 1879ರಲ್ಲಿ ಸಾಯುವ ಮುನ್ನ ಕ್ಯಾಥರಿನ್ ತನ್ನ ಗಂಡ ಬರೆದ ಪತ್ರಗಳನ್ನು ಕೇಟ್‌ಳ ಕೈಗಿತ್ತು, ಆತ ಒಂದು ಕಾಲದಲ್ಲಿ ತನ್ನನ್ನು ಪ್ರೀತಿಸಿದ್ದನೆಂದು ಲೋಕಕ್ಕೆ ತಿಳಿಯಲು ಅವನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಡುವಂತೆ ಕೇಳಿಕೊಂಡಳು. ಕೇಟ್ ಆ ಮಾತು ನಡೆಸಿಕೊಟ್ಟಳು. ತಂದೆಯ ಬಗ್ಗೆ ತಾನು ಬರೆದ ಪುಸ್ತಕ ಪೂರ್ಣ ಸತ್ಯವಾಗಿಲ್ಲವೆಂದು ಸುಟ್ಟುಹಾಕಿದ ಅವಳು, ಇಳಿವಯಸ್ಸಿನಲ್ಲಿ ಗೆಳತಿ ಗ್ಲಾಡಿಸ್ ಸ್ಟೋರಿಗೆ ಎಲ್ಲವನ್ನೂ ಹೇಳಿದಳು: ತಾಯಿಗಾದ ಅನ್ಯಾಯ, ಆಗ ಆಕೆಯ ಪರ ನಿಲ್ಲದೆ ಮಕ್ಕಳು ಮಾಡಿದ ತಪ್ಪು, ಎಲೆನ್‌ಗೆ ಹುಟ್ಟಿ ಸತ್ತ ಗಂಡುಕೂಸು. ಕೇಟ್ 1929ರಲ್ಲಿ ತೀರಿಕೊಂಡಳು; ಸ್ಟೋರಿಯ ಪುಸ್ತಕ 1939ರಲ್ಲಿ ಬಂತು.

ಹತ್ತು ಮಕ್ಕಳಲ್ಲಿ ಕೊನೆಯವರೆಗೆ ಉಳಿದವನು ಹೆನ್ರಿ. 1933ರ ಡಿಸೆಂಬರಿನಲ್ಲಿ ಲಂಡನ್ನಿನ ರಸ್ತೆ ದಾಟುವಾಗ ಮೋಟಾರ್ ಸೈಕಲ್ ಬಡಿದು, 21ರಂದು ಸತ್ತ. ಕಾದಂಬರಿಗಾರ್ತಿ ಮೋನಿಕಾ ಡಿಕನ್ಸ್ ಇವನ ಮೊಮ್ಮಗಳು. ಮಕ್ಕಳಿಗೆ ಓದಿ ಹೇಳಲೆಂದು 1840ರ ದಶಕದಲ್ಲಿ ಡಿಕನ್ಸ್ ಯೇಸುವಿನ ಕಥೆಯನ್ನು ಸರಳವಾಗಿ ಬರೆದಿಟ್ಟಿದ್ದ. ಅದು ಮನೆಯ ಹೊರಗೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಆ ಹಸ್ತಪ್ರತಿ ಜಾರ್ಜಿನಾಳಿಂದ ಹೆನ್ರಿಗೆ ಬಂದಿತ್ತು. ಡಿಕನ್ಸ್‌ನ ಮಕ್ಕಳಲ್ಲಿ ಒಬ್ಬರಾದರೂ ಬದುಕಿರುವ ತನಕ ಅದನ್ನು ಅಚ್ಚಿಗೆ ಕೊಡಲಿಲ್ಲ. ಹೆನ್ರಿ ಹೋದಮೇಲೆ, ಅವನ ಉಯಿಲಿನಂತೆ ಮನೆಮಂದಿಯ ಬಹುಮತ ಪಡೆದು, 1934ರಲ್ಲಿ ಪ್ರಕಟಿಸಲಾಯಿತು.